ಅರ್ಕೇಟಾದ ಮೋಡಕ್ಕೆ ಸಿಯಾಟಲ್‌ನ ಅನುಮತಿ: ಒಂದು ಸ್ಪೆಷಲ್ ವಿಎಫ್ಆರ್ ಪ್ರಕರಣ

ಬೆಳಿಗ್ಗೆ 8:40. ಸೆಸ್ನಾ 172 ಎಂಬ ಪುಟ್ಟ ವಿಮಾನದ ರೆಕ್ಕೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಳೆಯೇನೂ ಬಂದಿರಲಿಲ್ಲ. ರಾತ್ರಿಯಿಡೀ ಸಮುದ್ರದ ಮಂಜು ಕೂತು ಹನಿಯಾಗಿತ್ತು, ಅಷ್ಟೆ. ತಲೆಯೆತ್ತಿದರೆ ಬೂದಿ ಬಣ್ಣದ ಮೋಡ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಆದರೆ ಪೂರ್ವಕ್ಕೆ ನೋಡಿದರೆ ಮುಚ್ಚಳದ ಅಂಚಿನಾಚೆ ನೀಲಿ ಆಕಾಶ. ಅಲ್ಲಿನ ಬೆಟ್ಟದ ನೆತ್ತಿಗೆ ಬಿಸಿಲು ಬಿದ್ದಿತ್ತು.

"ಅಲ್ಲಿ ಬಿಸಿಲು ಉಂಟಲ್ಲ ಮಾರಾಯ, ಹೋಗುವ" ಎಂದ ಗೆಳೆಯ. ಅವನು ಮಂಗಳೂರಿನವನು, ಪೈಲಟ್ ಅಲ್ಲ. ಮಾರನೆಯ ದಿನ ಆಫೀಸ್ ಇದೆ ಅನ್ನುವುದಷ್ಟೇ ಅವನ ತಲೆಯಲ್ಲಿತ್ತು.

ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆ. ಚಿಕ್ಕವನಿದ್ದಾಗ ಬಳ್ಳಾರಿ ರಸ್ತೆಯ ಬಸ್ಸಿನ ಕಿಟಕಿಯಿಂದ ಜಕ್ಕೂರಿನ ಪುಟ್ಟ ವಿಮಾನಗಳನ್ನು ನೋಡಿ ಹತ್ತಿದ ಹುಚ್ಚು, ಇಲ್ಲಿ ಬಂದ ಮೇಲೆ ಖಾಸಗಿ ಪೈಲಟ್ ಲೈಸೆನ್ಸ್ ಆಯಿತು. ಇನ್ಸ್‌ಟ್ರುಮೆಂಟ್ ರೇಟಿಂಗ್ ಇನ್ನೂ ಆಗಿಲ್ಲ. ಅಂದರೆ ಮೋಡದೊಳಗೆ ಹಾರುವ ಹಾಗಿಲ್ಲ, ಕಣ್ಣಿಗೆ ಕಾಣಿಸಿದರಷ್ಟೇ ಹಾರಾಟ. ವಾರಾಂತ್ಯಕ್ಕೆ ರೆಡ್‌ವುಡ್ ಮರಗಳನ್ನು ನೋಡೋಣ ಎಂದು ಸುಮಾರು 400 ಕಿಲೋಮೀಟರ್ ಉತ್ತರದ ಅರ್ಕೇಟಾ ವಿಮಾನ ನಿಲ್ದಾಣಕ್ಕೆ ಹಾರಿ ಬಂದಿದ್ದೆವು. ಭಾನುವಾರ ಬೆಳಿಗ್ಗೆ ವಾಪಸ್ ಹೊರಡುವಾಗ ನಡೆದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅಪಘಾತವೇನೂ ಆಗಲಿಲ್ಲ. ತಪ್ಪುಗಳು ಆದವು, ಎಲ್ಲವೂ ನನ್ನವೇ.

ಮೊದಲು ಜಾಗದ ಬಗ್ಗೆ. ಈ ಕರಾವಳಿಯ ಸಮುದ್ರ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಆಳದ ನೀರು ಮೇಲೆ ಬರುವುದರಿಂದ. ಒಳನಾಡು ಕಾಯುತ್ತದೆ. ತಣ್ಣನೆಯ ನೀರಿನ ಮೇಲೆ ಹುಟ್ಟಿದ ಮೋಡ ಸಂಜೆ ನೆಲಕ್ಕೆ ನುಗ್ಗಿ ಬೆಳಿಗ್ಗೆಯವರೆಗೆ ಕೂತಿರುತ್ತದೆ. ಅರ್ಕೇಟಾ ನಿಲ್ದಾಣವಂತೂ ಮಂಜಿಗೇ ಹೆಸರುವಾಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಕಟ್ಟಿದ್ದು. ಆಮೇಲೆ ಮಂಜಿನಲ್ಲಿ ವಿಮಾನ ಇಳಿಸುವ ಪ್ರಯೋಗಗಳು ಇಲ್ಲೇ ನಡೆದವು. ರನ್‌ವೇ ಪಕ್ಕದಲ್ಲಿ ಇಂಧನ ಉರಿಸಿ ಆ ಶಾಖಕ್ಕೆ ಮಂಜು ಕರಗಿಸುವ 'ಫೈಡೋ' ಅನ್ನುವ ಪದ್ಧತಿ ಕೂಡ ಅದರಲ್ಲಿತ್ತು. ಅಂಥ ಕಡೆ ಬಂದು ಬೆಳಿಗ್ಗೆ ಬೇಗ ಹೊರಡುತ್ತೇನೆ ಅಂದುಕೊಂಡ ನನ್ನ ಜಾಣತನಕ್ಕೆ ಏನು ಹೇಳೋಣ.

ಇಲ್ಲಿ ಕಂಟ್ರೋಲ್ ಟವರ್ ಇಲ್ಲ. ಪೈಲಟ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೇವೆ ಎಂದು ತಾವೇ ಹೇಳಿಕೊಳ್ಳುತ್ತಾರೆ. ಟವರ್ ಇಲ್ಲ ಅಂದಮೇಲೆ ಕೇಳುವವರೂ ಇಲ್ಲ, ಸುಮ್ನೆ ಹೊರಟುಬಿಡಬಹುದು ಅನ್ನಿಸುತ್ತದೆ ಅಲ್ವಾ? ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಹಾಗೇ ಹೊರಡಬಹುದು ಕೂಡ. ಅಲ್ಲೆಲ್ಲ ನಿಯಂತ್ರಿತ ಆಕಾಶ ಶುರುವಾಗುವುದು ನೆಲದಿಂದ 700 ಅಡಿಯೋ 1200 ಅಡಿಯೋ ಮೇಲೆ. ಅದರ ಕೆಳಗೆ ಹಗಲಲ್ಲಿ ಒಂದು ಮೈಲಿ ಕಾಣಿಸಿ, ಮೋಡದಿಂದ ಹೊರಗಿದ್ದರೆ ಸಾಕು, ಯಾರ ಅಪ್ಪಣೆಯೂ ಬೇಡ.

ಅರ್ಕೇಟಾ ಹಾಗಲ್ಲ. ವಿಮಾನಯಾನದ ನಕ್ಷೆಯಲ್ಲಿ ಅದರ ಸುತ್ತ ನೇರಳೆಗೆಂಪು ಬಣ್ಣದ ತುಂಡು ತುಂಡು ಗೆರೆ ಇದೆ. 'ಇ' ದರ್ಜೆಯ ನಿಯಂತ್ರಿತ ಆಕಾಶ ಅಲ್ಲಿ ನೆಲಕ್ಕೇ ಬಂದು ಮುಟ್ಟುತ್ತದೆ ಎಂದು ಆ ಗೆರೆಯ ಅರ್ಥ. ಪ್ರಯಾಣಿಕರ ವಿಮಾನಗಳು ಮೋಡದೊಳಗಿಂದ ಯಂತ್ರದ ನೆರವಿನಿಂದ ಇಳಿದು ಬರುತ್ತವೆ. ಕೊನೆಯ ಕ್ಷಣದಲ್ಲಿ ಅವುಗಳ ಮುಂದೆ ನನ್ನಂಥವನು ಎದುರಾಗಬಾರದು ಅಂತ ಈ ಏರ್ಪಾಡು. ಈ ವೃತ್ತದೊಳಗೆ ಮಾಮೂಲಿ ಕಣ್ಣಳತೆಯ ಹಾರಾಟಕ್ಕೆ, ಅಂದರೆ ವಿಎಫ್ಆರ್‌ಗೆ, ಮೋಡದ ತಳ ಕನಿಷ್ಠ 1000 ಅಡಿ ಎತ್ತರದಲ್ಲಿರಬೇಕು, 3 ಮೈಲಿ ಕಾಣಿಸಬೇಕು. ಇದಕ್ಕಿಂತ ಕಡಿಮೆಯಿದ್ದರೆ ಸ್ಪೆಷಲ್ ವಿಎಫ್ಆರ್ ಅನುಮತಿ ಬೇಕು. ಆಗ 1 ಮೈಲಿ ಕಂಡು, ಮೋಡ ಮುಟ್ಟದೆ ಹಾರಿದರೆ ಸಾಕು. ರಾತ್ರಿಯಾದರೆ ಪೈಲಟ್‌ಗೆ ಇನ್ಸ್‌ಟ್ರುಮೆಂಟ್ ರೇಟಿಂಗ್ ಇರಬೇಕು, ವಿಮಾನವೂ ಅದಕ್ಕೆ ಸಜ್ಜಾಗಿರಬೇಕು. ನ್ಯೂಯಾರ್ಕ್‌ನ ಜೆಎಫ್‌ಕೆ, ಲಾಸ್ ಏಂಜಲೀಸ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ರೆಕ್ಕೆಯ ವಿಮಾನಗಳಿಗೆ (ಹೆಲಿಕಾಪ್ಟರ್ ಅಲ್ಲದವುಗಳಿಗೆ) ಇದನ್ನು ಕೊಡುವುದೇ ಇಲ್ಲ.

ಯಂತ್ರದ ಹವಾಮಾನ ವರದಿ ಕೇಳಿದೆ. ಗಾಳಿ ಇಲ್ಲ, ಗೋಚರತೆ 2 ಮೈಲಿ, ಮಂಜು, 700 ಅಡಿಯಲ್ಲಿ ಪೂರ್ತಿ ಮೋಡ. ತಾಪಮಾನ 12, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗುವ ತಾಪಮಾನ) 11.

"ಪೂರ್ತಿ ಮೋಡ ಅಂತ ಹೇಳ್ತಾ ಉಂಟು, ಅರ್ಧ ಆಕಾಶ ನೀಲಿ ಕಾಣ್ತದಲ್ಲ" ಎಂದು ಗೆಳೆಯ ಯಂತ್ರದ ಮೇಲೆ ರೇಗಿದ. ತಪ್ಪು ಯಂತ್ರದ್ದಲ್ಲ. ಮೋಡ ಅಳೆಯುವ ಲೇಸರ್ ನೆಟ್ಟಗೆ ತಲೆ ಮೇಲೆ ಮಾತ್ರ ನೋಡುತ್ತದೆ, ಕತ್ತು ತಿರುಗಿಸುವುದಿಲ್ಲ. ಕಳೆದ 30 ನಿಮಿಷದಲ್ಲಿ ತನ್ನ ನೆತ್ತಿಯ ಮೇಲೆ ಹಾದುಹೋದದ್ದನ್ನು ಕೂಡಿಸಿ ಆಕಾಶ ಹೀಗಿದೆ ಅನ್ನುತ್ತದೆ. ಗಾಳಿಯೇ ಇಲ್ಲದ ದಿನ ಒಂದೇ ಮೋಡದ ತುಂಡು ಅಲ್ಲೇ ನಿಂತಿದ್ದರೂ ಅದಕ್ಕೆ ಅದೇ ಇಡೀ ಆಕಾಶ. ಆದರೂ ನನ್ನ ಕಣ್ಣಿಗೆ ಕಂಡ ನೀಲಿ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ನಿಲ್ದಾಣದ ವರದಿ 700 ಅಂದರೆ 700.

ಸರಿ, ಅನುಮತಿ ಕೇಳೋಣ. ಯಾರನ್ನು? ಟವರ್ ಇಲ್ಲದ ಕಡೆ ಹತ್ತಿರದ ಟವರ್, ಪೈಲಟ್‌ಗಳಿಗೆ ಮಾಹಿತಿ ಕೊಡುವ ಫ್ಲೈಟ್ ಸರ್ವಿಸ್, ಇಲ್ಲವೇ ಆ ಪ್ರದೇಶದ ಆಕಾಶ ನೋಡಿಕೊಳ್ಳುವ ಸೆಂಟರ್ ಮೂಲಕ ಪಡೆಯಬಹುದು. ಫ್ಲೈಟ್ ಸರ್ವಿಸ್‌ನವರು ತಾವಾಗಿ ಅನುಮತಿ ಕೊಡುವವರಲ್ಲ, ಕಂಟ್ರೋಲರ್ ಕೊಟ್ಟದ್ದನ್ನು ದಾಟಿಸುತ್ತಾರೆ. ಸೆಂಟರ್‌ಗೆ ನೇರ ಫೋನ್ ಮಾಡುವುದಾದರೆ ನಂಬರ್ ಚಾರ್ಟ್ ಸಪ್ಲಿಮೆಂಟ್ ಎಂಬ ಕೈಪಿಡಿಯಲ್ಲಿ ಸಿಗುತ್ತದೆ. ಅರ್ಕೇಟಾ ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಅದರ ಮೇಲಿನ ಆಕಾಶ ಮಾತ್ರ ಸಿಯಾಟಲ್ ಸೆಂಟರ್‌ನದು. ಅಂದರೆ ನನ್ನ ನೆತ್ತಿಯ ಮೇಲಿನ ಮೋಡದ ಬಗ್ಗೆ ಸುಮಾರು 700 ಕಿಲೋಮೀಟರ್ ದೂರದ ಕತ್ತಲ ಕೋಣೆಯಲ್ಲಿ ಕೂತವರನ್ನು ಕೇಳಬೇಕು.

ಫೋನ್ ಮಾಡಿದೆ. ವಿಮಾನದ ನಂಬರ್ ಹೇಳಿ, ದಕ್ಷಿಣಕ್ಕೆ ಹೊರಡಬೇಕು, ಈಗ ಹೊರಡಬಹುದಾ ಎಂದೆ.

"ನಿಲ್ದಾಣ ಐಎಫ್ಆರ್ ಸ್ಥಿತಿಯಲ್ಲಿದೆ. ಸೇ ಇಂಟೆನ್ಷನ್ಸ್" ಎಂದರು. ಐಎಫ್ಆರ್ ಅಂದರೆ ಕಣ್ಣಳತೆ ಸಾಲದೆ ಯಂತ್ರದ ನೆರವಿನಿಂದ ಹಾರಬೇಕಾದ ಸ್ಥಿತಿ. ಏನು ಮಾಡಬೇಕು ಅಂತಿದ್ದೀರಿ, ಹೇಳಿ ಎಂಬುದು ಕೊನೆಯ ಎರಡು ಪದದ ಅರ್ಥ.

"ಹೊರಡಬೇಕು ಅಂತಿದ್ದೇನೆ."

ಒಂದು ಕ್ಷಣ ಮೌನ. ಮತ್ತೆ ಅದೇ ಮಾತು, ಅದೇ ಧ್ವನಿಯಲ್ಲಿ: "ನಿಲ್ದಾಣ ಐಎಫ್ಆರ್ ಸ್ಥಿತಿಯಲ್ಲಿದೆ. ಸೇ ಇಂಟೆನ್ಷನ್ಸ್."

ಸರಿ, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ. ಗೆಳೆಯ ನನ್ನ ಮುಖ ನೋಡಿದ. "ಬೇಡ ಅಂದ್ರಾ?" ಬೇಡ ಅಂದಿರಲಿಲ್ಲ. ಹೂಂ ಅನ್ನಲು ನಾನು ಏನನ್ನೂ ಕೇಳಿಯೇ ಇರಲಿಲ್ಲ.

ಇದು ಈ ಪ್ರಕರಣದ ಮೊದಲ ಗಂಟು. ಸ್ಪೆಷಲ್ ವಿಎಫ್ಆರ್ ಅನ್ನು ಪೈಲಟ್ ಬಾಯಿಬಿಟ್ಟು ಕೇಳಬೇಕು. "ನಿಮಗೆ ಸ್ಪೆಷಲ್ ಬೇಕಾ?" ಎಂದು ಕಂಟ್ರೋಲರ್ ಕೇಳುವ ಹಾಗಿಲ್ಲ. ಇದನ್ನು ಬರೀ ಸರ್ಕಾರಿ ಕಟ್ಟುಪಾಡು ಅಂದುಕೊಂಡವರಿದ್ದಾರೆ, ನಾನೂ ಅಂದುಕೊಂಡಿದ್ದೆ. ಆದರೆ ಯೋಚಿಸಿ: ಅಲ್ಲಿ ಕೂತವರಿಗೆ ಇಲ್ಲಿಯ ಮೋಡ ಕಾಣಿಸುವುದಿಲ್ಲ, ನನ್ನ ಅನುಭವ ಎಷ್ಟು ಅಂತ ಗೊತ್ತಿಲ್ಲ. ಅಧಿಕಾರಿಯೇ ಬಾಯಿಬಿಟ್ಟು ಹೀಗೊಂದು ದಾರಿ ಇದೆ ಅಂದರೆ, ಹೊರಡಲು ಕಾತರವಾಗಿರುವವನಿಗೆ ಅದು 'ಹೋಗು, ಪರವಾಗಿಲ್ಲ' ಎಂದೇ ಕೇಳಿಸುತ್ತದೆ. ಅದಕ್ಕೇ ಆ ಎರಡು ಪದ, ಸೇ ಇಂಟೆನ್ಷನ್ಸ್. ನಿಯಮದೊಳಗೆ ಅವರು ಕೊಡಬಹುದಾದ ಸುಳಿವು ಅಷ್ಟೇ.

ಕೂತು ಒಂದು ಚೀಟಿಯಲ್ಲಿ ಬರೆದುಕೊಂಡೆ. 8:55ಕ್ಕೆ ಮತ್ತೆ ಫೋನ್. ಈ ಸಲ ಓದಿದೆ: ಸೆಸ್ನಾ 172, ನಂಬರ್ ಇಂಥದ್ದು, ಅರ್ಕೇಟಾದಲ್ಲಿ ನೆಲದ ಮೇಲಿದ್ದೇವೆ, ಪೂರ್ವ ದಿಕ್ಕಿಗೆ ಸ್ಪೆಷಲ್ ವಿಎಫ್ಆರ್ ನಿರ್ಗಮನ ಕೋರುತ್ತೇನೆ, ಹತ್ತು ನಿಮಿಷದಲ್ಲಿ ಸಿದ್ಧ. ಯಾರು, ಎಲ್ಲಿ, ಯಾವ ಕಡೆಗೆ, ಯಾವಾಗ. ಇಷ್ಟು ಹೇಳಿದರೆ ಅವರಿಗೂ ಸುಲಭ. ಅವರ ಧ್ವನಿಯೂ ಹಗುರಾಯಿತು. ಆದರೆ ಉತ್ತರ: ಒಂದು ಪ್ರಯಾಣಿಕರ ವಿಮಾನ ಇಳಿಯಲು ಬರುತ್ತಿದೆ, ಅದು ಇಳಿದ ಮೇಲೆ ಫೋನ್ ಮಾಡಿ.

ಐಎಫ್ಆರ್ ವಿಮಾನಗಳದ್ದೇ ಮೊದಲ ಸರದಿ. ಸ್ಪೆಷಲ್ ಅನ್ನುವ ಹೆಸರಿದ್ದರೂ ಸಾಲಿನಲ್ಲಿ ನಾವು ಕೊನೆಯವರು. ರೆಕ್ಕೆಯ ವಿಮಾನಕ್ಕೆ ಈ ಅನುಮತಿ ಕೊಟ್ಟರೆ ಐಎಫ್ಆರ್ ವಿಮಾನಗಳಿಂದ ಅದನ್ನು ದೂರ ಇಡುವ ಹೊಣೆ ಕಂಟ್ರೋಲರ್‌ದು. ನೆಲದ ಹತ್ತಿರ ರೇಡಾರ್ ಸರಿಯಾಗಿ ಕಾಣದ ಕಡೆ ಅದಕ್ಕೆ ಉಳಿಯುವ ಉಪಾಯ ಒಂದೇ: ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಮಲೆನಾಡಿನ ಇಕ್ಕಟ್ಟು ಸೇತುವೆ ಇದ್ದ ಹಾಗೆ. ಆ ಕಡೆಯ ಬಸ್ಸು ಪೂರ್ತಿ ದಾಟಿದ ಮೇಲೇ ಈ ಕಡೆಯ ಜೀಪು.

ಕಾಯುತ್ತ ಬೇಲಿಯ ಹತ್ತಿರ ನಿಂತೆವು. ಅಲ್ಲಿ ಒಬ್ಬ ಅಜ್ಜ ತನ್ನ ಪೈಪರ್ ವಿಮಾನದ ಗಾಜು ಒರೆಸುತ್ತಿದ್ದ. ಊರಿನವನೇ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾ ಎಲ್ಲಿಗೆ ಎಂದು ವಿಚಾರಿಸಿದ. ಪೂರ್ವಕ್ಕೆ ಹೋಗಿ ಆ ನೀಲಿಯಲ್ಲಿ ಮೇಲೇರಿ ದಕ್ಷಿಣಕ್ಕೆ ಎಂದೆ. ಅವನು ಬಟ್ಟೆ ಹಿಡಿದ ಕೈಯಲ್ಲೇ ಬೆಟ್ಟದ ಕಡೆ ತೋರಿಸಿದ.

"ಆ ಬೆಟ್ಟದ ಸಾಲು ಎಷ್ಟು ಎತ್ತರ?"

ನಕ್ಷೆ ತೆಗೆದು ನೋಡಿದೆ. ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 222 ಅಡಿ ಮೇಲೆ. ಮೋಡದ ತಳ ಅಲ್ಲಿಂದ 700, ಅಂದರೆ ಸಮುದ್ರಮಟ್ಟದಿಂದ ಸುಮಾರು 920 ಅಡಿ. ಪೂರ್ವದ ಗುಡ್ಡಗಳು ಕೆಲವೇ ಮೈಲಿಯಲ್ಲಿ 1000 ಅಡಿ ದಾಟುತ್ತವೆ, ಒಳಗೆ ಹೋದಷ್ಟೂ ಏರುತ್ತವೆ. ನೆಲ ಏರುತ್ತದೆ, ಮೋಡ ಏರುವುದಿಲ್ಲ. ನಾನು ಹೊರಟಿದ್ದ ದಾರಿ ಎರಡರ ನಡುವೆ ಕಿರಿದಾಗುತ್ತಾ ಹೋಗಿ, ನೀಲಿ ಆಕಾಶ ಮುಟ್ಟುವ ಮೊದಲೇ ಮುಚ್ಚಿಹೋಗುತ್ತಿತ್ತು. ಕೆಳಗಿನಿಂದ ಕಂಡ ಆ ಬಿಸಿಲು ಬೆಟ್ಟದ ನೆತ್ತಿಯದ್ದು. ಅಲ್ಲಿಗೆ ಹೋಗಲು ನಮ್ಮ ಕಡೆಯಿಂದ ಮೋಡದ ಮೂಲಕವೇ ದಾರಿ.

ಇದನ್ನು ಸಿಯಾಟಲ್‌ನವರು ನನಗೆ ಹೇಳುತ್ತಿರಲಿಲ್ಲ. ಪೂರ್ವಕ್ಕೆ ಅಂತ ಕೇಳಿದೆ, ವಿಮಾನ ಇಳಿದ ಮೇಲೆ ಪೂರ್ವಕ್ಕೆ ಅಂತಲೇ ಕೊಡುತ್ತಿದ್ದರು. ಅವರು ನಮ್ಮನ್ನು ಕಾಯುವುದು ಬೇರೆ ವಿಮಾನಗಳಿಂದ. ಮೋಡದಿಂದ, ಗುಡ್ಡದಿಂದ ಕಾಯುವ ಕೆಲಸ ಅನುಮತಿಯ ಒಳಗೆ ಬರುವುದೇ ಇಲ್ಲ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್‌ನ ಕಥೆ ನೆನಪಾಯಿತು. ಅದರ ಪೈಲಟ್ ಟವರ್ ಇದ್ದ ಬರ್ಬ್ಯಾಂಕ್‌ನಲ್ಲಿ ಸ್ಪೆಷಲ್ ವಿಎಫ್ಆರ್ ಕೇಳಿದರು. ಐಎಫ್ಆರ್ ವಿಮಾನಗಳಿಗಾಗಿ ಹತ್ತು ನಿಮಿಷಕ್ಕೂ ಜಾಸ್ತಿ ಸುತ್ತು ಹಾಕಿ ಕಾದರು. ಅನುಮತಿ ಸಿಕ್ಕಿತು, ಆ ವಲಯಗಳನ್ನು ಸರಿಯಾಗಿ ದಾಟಿದರು. ಅನುಮತಿಯ ಕೆಲಸ ಮುಗಿದ ಮೇಲೆ, ಕ್ಯಾಲಬಾಸಸ್‌ನ ಗುಡ್ಡಗಳ ಹತ್ತಿರ ಮೋಡ ಹೊಕ್ಕು, ದಿಕ್ಕು ತಪ್ಪಿ ಬಿದ್ದು 9 ಜನ ತೀರಿಕೊಂಡರು. ಪೈಲಟ್‌ಗೆ ಇನ್ಸ್‌ಟ್ರುಮೆಂಟ್ ರೇಟಿಂಗ್ ಇತ್ತು. ನನಗೆ ಅದೂ ಇಲ್ಲ.

9:12ಕ್ಕೆ ಜೆಟ್ ಬಂತು. ಮೊದಲು ಬರೀ ಸದ್ದು, ಎಲ್ಲಿಂದ ಅಂತ ಗೊತ್ತಾಗದ ಹಾಗೆ. ಆಮೇಲೆ ಆಗ್ನೇಯದ ಮೋಡದಿಂದ ಎರಡು ದೀಪ ಹೊರಬಿದ್ದವು. ನೋಡನೋಡುತ್ತ ಅವುಗಳ ಹಿಂದೆ ಇಡೀ ವಿಮಾನ. ಯಂತ್ರದ ನೆರವಿನ ಇಳಿದಾರಿ ಇರುವುದು 32ನೇ ರನ್‌ವೇಗೆ, ಆಗ್ನೇಯದಿಂದ ವಾಯವ್ಯಕ್ಕೆ. ನಾನು ಆಗ ಅದೇ ಪಟ್ಟಿಯ ಇನ್ನೊಂದು ತುದಿಯಾದ 14ರಿಂದ ಏರಿದ್ದರೆ ಅದಕ್ಕೆ ಎದುರಾಎದುರು. ಇಕ್ಕಟ್ಟು ಸೇತುವೆಯ ನಿಯಮ ಪುಸ್ತಕದಲ್ಲಿ ಓದಿದ್ದೆ, ಆ ಎರಡು ದೀಪ ನೋಡಿದ ಮೇಲೆ ಅರ್ಥವಾಯಿತು.

"ಈಗ ನಮ್ಮ ಸರದಿ ಅಲ್ವಾ?" ಗೆಳೆಯ ಕೇಳಿದ. ಸರದಿ ನಮ್ಮದೇ. ನಾನು ಫೋನ್ ಮಾಡಲಿಲ್ಲ.

ಅಜ್ಜನ ಜೊತೆ ನಕ್ಷೆ ಹರಡಿಕೊಂಡು ಕೂತೆ. ಅವನು ತೋರಿಸಿದ ದಾರಿ ಆಗ್ನೇಯಕ್ಕೆ, ಮ್ಯಾಡ್ ನದಿಯ ಕಣಿವೆ ಹಿಡಿದು ಬ್ಲೂ ಲೇಕ್ ಊರಿನ ಕಡೆ. ಕಣಿವೆಯ ತಳ ತಗ್ಗು, ಸಮುದ್ರದಿಂದ ಸ್ವಲ್ಪ ಒಳಗೆ ಇರುವುದರಿಂದ ಮೊದಲು ಬಿಸಿಲು ಬೀಳುವುದೂ ಅಲ್ಲೇ. ಆದರೆ ನಿಲ್ದಾಣದ ದಕ್ಷಿಣಕ್ಕೆ ಮೆಕಿನ್ಲೀವಿಲ್ ಊರಿದೆ. ಜನವಸತಿಯ ಮೇಲೆ 1000 ಅಡಿ ಅಂತರ ಇಟ್ಟು ಹಾರಬೇಕೆಂಬ ನಿಯಮ ಸ್ಪೆಷಲ್ ಅನುಮತಿ ಇದ್ದರೂ ಹೋಗುವುದಿಲ್ಲ. ಊರು ತಪ್ಪಿಸಿ ಅಂಚಿನ ಕಾಡಿನ ಮೇಲೆ ಹೋದರೆ 500 ಅಡಿ ಸಾಕು. 700 ಅಡಿಯ ಮೋಡದ ಕೆಳಗೆ ಅದೂ ಕಾಗದದ ಮೇಲೆ ಆಗುತ್ತದೆ, ಆದರೆ ಮೇಲೆ ಕೆಳಗೆ ಜರುಗಲು ಉಳಿಯುವುದು ಎರಡು ನೂರು ಅಡಿ. 2 ಮೈಲಿ ಗೋಚರತೆ ಅಂದರೆ ನನ್ನ ವಿಮಾನದ ವೇಗಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಗೊತ್ತಿಲ್ಲದ ಊರಲ್ಲಿ ಒಂದು ನಿಮಿಷ ಮುಂದಿನದಷ್ಟೇ ಕಾಣುತ್ತಾ ಕಣಿವೆಯ ಬಾಯಿ ಹುಡುಕುವುದು ನನ್ನ ಕೈಲಾಗದ ಕೆಲಸ.

ಕಾನೂನಿನ ದೃಷ್ಟಿಯಲ್ಲಿ 700 ಅಡಿ, 2 ಮೈಲಿಯೂ ಸ್ಪೆಷಲ್ಲೇ, 900 ಅಡಿ, 4 ಮೈಲಿಯೂ ಸ್ಪೆಷಲ್ಲೇ. ಕೇಳಬೇಕಾದ ಮಾತು ಒಂದೇ, ಸಿಗುವ ಅನುಮತಿಯೂ ಒಂದೇ. ಆ ಎರಡರ ನಡುವೆ ಆ ಬೆಳಿಗ್ಗೆ ಒಂದು ಗಂಟೆಯ ಅಂತರವಿತ್ತು. ನಾವು ಒಂದೊಂದು ಆಮ್ಲೆಟ್ ತಿಂದು ಬಂದೆವು.

10:10ರ ವರದಿ: 900 ಅಡಿಯಲ್ಲಿ ಪೂರ್ತಿ ಮೋಡ, 4 ಮೈಲಿ. ನಿಂತಲ್ಲಿಂದಲೇ ಕಣಿವೆಯ ಬಾಯಲ್ಲಿ ಬಿಸಿಲು ಬಿದ್ದದ್ದು ಕಾಣುತ್ತಿತ್ತು. ಇನ್ನೊಂದು ನೂರು ಅಡಿ ಏರಿದ್ದರೆ ಅನುಮತಿಯೇ ಬೇಕಾಗುತ್ತಿರಲಿಲ್ಲ. ಅಜ್ಜನೂ ಹೊರಡುವ ತಯಾರಿಯಲ್ಲಿದ್ದ. ಅವನಿಗೂ ಅದೇ ಅನುಮತಿ ಬೇಕು. "ನೀವು ಮೊದಲು ಹೋಗಿ, ನನಗೇನೂ ಅವಸರ ಇಲ್ಲ" ಎಂದ.

ಮೂರನೇ ಫೋನ್. ಈ ಸಲ ಆಗ್ನೇಯಕ್ಕೆ ಎಂದು ಕೇಳಿದೆ. ಸಿಕ್ಕ ಅನುಮತಿಯ ಸಾರ ಇಷ್ಟು: ಅರ್ಕೇಟಾ ಸರ್ಫೇಸ್ ಏರಿಯಾದಿಂದ (ನೆಲಕ್ಕೆ ಮುಟ್ಟುವ ಆ ನಿಯಂತ್ರಿತ ಆಕಾಶದಿಂದ) ಆಗ್ನೇಯಕ್ಕೆ ಹೊರಹೋಗಲು ಅನುಮತಿ ಇದೆ. ಒಳಗಿರುವಷ್ಟು ಹೊತ್ತು ಸ್ಪೆಷಲ್ ವಿಎಫ್ಆರ್ ಸ್ಥಿತಿ ಕಾಯ್ದುಕೊಳ್ಳಿ, 1500 ಅಡಿ ಅಥವಾ ಅದಕ್ಕಿಂತ ಕೆಳಗೆ. 10:30ರೊಳಗೆ ಏರದಿದ್ದರೆ ರದ್ದು. ಈಗ ಸಮಯ 10:22. ಹೊರಬಿದ್ದ ಕೂಡಲೇ ರೇಡಿಯೋದಲ್ಲಿ ತಿಳಿಸಿ.

'ಅಥವಾ ಅದಕ್ಕಿಂತ ಕೆಳಗೆ' ಅನ್ನುವುದನ್ನು ಗಮನಿಸಿ. ಇಂಥದ್ದೇ ಎತ್ತರದಲ್ಲಿರು ಎಂದು ಹೇಳುವುದಿಲ್ಲ, ಹೇಳಿದರೆ ಅಲ್ಲಿ ಮೋಡ ಇರಬಹುದಲ್ಲ. ಮೇಲಿನ ಮಿತಿ ಅವರದು, ಅದರೊಳಗೆ ಮೋಡ ತಪ್ಪಿಸುವುದು ನನ್ನ ಪಾಡು. ಎಲ್ಲವನ್ನೂ ತಿರುಗಿ ಓದಿ ಹೇಳಿದೆ. ಸರಿ ಎಂದರು.

10:25ಕ್ಕೆ 14ನೇ ರನ್‌ವೇಯಿಂದ ಏರಿದೆವು. ಮೋಡದ ತಳಕ್ಕೆ ಇನ್ನೂರು ಅಡಿ ಬಿಟ್ಟು, ಊರನ್ನು ಬಲಕ್ಕೆ ಇಟ್ಟುಕೊಂಡು ಕಾಡಿನ ಅಂಚು ಹಿಡಿದೆ. ಮೋಡ ಇಷ್ಟು ಹತ್ತಿರದಿಂದ ಚಪ್ಪಟೆ ಇರುವುದಿಲ್ಲ, ಹರಿದ ಚಿಂದಿಗಳು ಕೆಳಗೆ ಜೋತಾಡುತ್ತವೆ. ಒಂದು ಚಿಂದಿ ತಪ್ಪಿಸಲು ಇನ್ನಷ್ಟು ಕೆಳಗಿಳಿಯಬೇಕಾಯಿತು. ಗೆಳೆಯ ಮಾತು ನಿಲ್ಲಿಸಿದ್ದ. ನದಿ ಕಂಡಿತು, ಕಣಿವೆ ಕಂಡಿತು, ಮುಂದಿನ ಗಾಜು ತುಂಬ ಬಿಸಿಲು. ನಾಲ್ಕೈದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಹಿಂದೆ ತಿರುಗಿ ನೋಡಿದರೆ ಕರಾವಳಿಯುದ್ದಕ್ಕೂ ಬಿಳಿ ಹತ್ತಿ ಹಾಸಿದ ಹಾಗೆ.

"ಮಡಿಕೇರಿಯ ಹಾಗೇ ಉಂಟು ಮಾರಾಯ" ಎಂದ ಗೆಳೆಯ. ಅವನು ಫೋಟೋ ತೆಗೆದ, ನಾನು ಸುತ್ತು ಹಾಕುತ್ತಾ ಮೇಲೇರಿದೆ, ಆಮ್ಲೆಟ್ ಬಗ್ಗೆ ಏನೋ ಮಾತಾಡಿದೆವು.

10:36ಕ್ಕೆ ಸೆಂಟರ್ ಜೊತೆ ಮಾತಾಡೋಣ ಎಂದು ಆಡಿಯೋ ಪ್ಯಾನೆಲ್ ಕಡೆ ಕೈ ಹಾಕಿದಾಗ ಗೊತ್ತಾಯಿತು. ಒಂದನೇ ರೇಡಿಯೋದಲ್ಲಿ ನಿಲ್ದಾಣದ ಫ್ರೀಕ್ವೆನ್ಸಿ ಇತ್ತು. ಎರಡನೆಯದರಲ್ಲಿ ಸೆಂಟರ್ ಹಾಕಿಟ್ಟಿದ್ದೆ, ಆದರೆ ಅದನ್ನು ಕೇಳಿಸಿಕೊಳ್ಳುವ ಗುಂಡಿ ಒತ್ತಿರಲಿಲ್ಲ. ಒತ್ತಿದೆ. ನಮ್ಮ ನಂಬರನ್ನೇ ಕೂಗುತ್ತಿದ್ದರು. ಎಷ್ಟನೇ ಸಲವೋ.

ಸರ್ಫೇಸ್ ಏರಿಯಾದಿಂದ ಹೊರಬಿದ್ದಿದ್ದೇವೆ ಎಂದು ಹೇಳಿದೆ. ಯಾವಾಗ ಹೊರಬಿದ್ದಿರಿ ಎಂದು ಕೇಳಿದರು. ಏಳೆಂಟು ನಿಮಿಷ ಆಯಿತು ಎಂದೆ. ಅಷ್ಟು ಹೊತ್ತೂ ಅವರ ಲೆಕ್ಕದಲ್ಲಿ ನಾನು ಇನ್ನೂ ಸೇತುವೆಯ ಮೇಲೇ ಇದ್ದೆ. ಕಣಿವೆಯೊಳಗೆ ಅಷ್ಟು ಕೆಳಗೆ ಹಾರುವಾಗ ಅವರಿಗೆ ನಾವು ಕಂಡಿರಲಿಲ್ಲ. ನಾನು ಹೇಳದೆ ಇನ್ನೊಬ್ಬರನ್ನು ಬಿಡುವ ಹಾಗಿರಲಿಲ್ಲ.

"ರಾಜರ್" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ದಕ್ಷಿಣಕ್ಕೆ ತಿರುಗಿ ಸ್ವಲ್ಪ ಹೊತ್ತಿಗೆ ಒಂದನೇ ರೇಡಿಯೋದಲ್ಲಿ ಅಜ್ಜನ ದನಿ ಕೇಳಿಸಿತು: ಅರ್ಕೇಟಾ, ಪೈಪರ್, 14ನೇ ರನ್‌ವೇಯಿಂದ ಹೊರಡುತ್ತಿದ್ದೇನೆ. ಗಡಿಯಾರ ನೋಡಿದೆ. 10:44.

"ಅವರಿಗೆ ಅವಸರ ಇರಲಿಲ್ಲ ಅಲ್ವಾ?" ಎಂದ ಗೆಳೆಯ, ಕಿಟಕಿಯ ಆಚೆ ನೋಡುತ್ತಾ.